ಧರ್ಮಗ್ರಂಥವೂ ಕೇಳುಗರೂ: ಚಿತ್ತಾಕುಲ ಸೀಮೆಯ ಕೆಲವು ನಿದರ್ಶನಗಳು

೧

ಧರ್ಮಗ್ರಂಥವು ಜನರ ನಿತ್ಯಜೀವನದಲ್ಲಿ ಎಷ್ಟರಮಟ್ಟಿಗೆ ನೆಲೆಗೊಂಡಿದೆಯೆಂಬುದನ್ನು ವಿಚಾರಿಸುವವರು ಸಾಮಾನ್ಯವಾಗಿ ಎರಡು ಅಳತೆಗೋಲುಗಳನ್ನು ಹಿಡಿಯುತ್ತಾರೆ. ಆ ಗ್ರಂಥವನ್ನು ಓದಬಲ್ಲವರು ಎಷ್ಟು ಮಂದಿ ಎಂಬುದೊಂದು. ಓದಿದುದರ ಅರ್ಥವನ್ನು ತಿಳಿದವರು ಎಷ್ಟು ಮಂದಿ ಎಂಬುದು ಇನ್ನೊಂದು. ಈ ಅಳತೆಯಿಂದ ನೋಡಿದರೆ ನಮ್ಮ ಕರಾವಳಿಯ ಯಾವ ಮತದವರಿಗೂ ಹೆಚ್ಚಿನ ಗೌರವವು ದೊರೆಯುವಂತಿಲ್ಲ. ವೇದಮಂತ್ರಪೂರ್ವಕವಾಗಿ ಪಾಣಿಗ್ರಹಣ ಮಾಡಿಕೊಂಡ ಗೃಹಸ್ಥನಲ್ಲಿ ಆ ಮಂತ್ರಗಳ ಅರ್ಥವನ್ನು ಹೇಳಬಲ್ಲವನು ವಿರಳ. ಕುರಾನನ್ನು ಆದ್ಯಂತವಾಗಿ ಓದಿ ಮುಗಿಸಿದ ಬಾಲಕನಿಗೆ ಅರಬ್ಬೀ ಭಾಷೆಯಲ್ಲಿ ಒಂದು ಮಾತನ್ನು ಆಡಲು ಬಾರದಿರುವುದುಂಟು. ೧೯೬೨ರಿಂದ ೧೯೬೫ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುನ್ನ ಕ್ಯಾಥೊಲಿಕ್ ಕುಟುಂಬಗಳು ಭಾನುವಾರಗಳಂದು ಕೇಳುತ್ತಿದ್ದುದು ಲ್ಯಾಟಿನ್ ಭಾಷೆಯ ಪೂಜೆಯನ್ನು. ಇದನ್ನೆಲ್ಲ ಗಿಳಿಪಾಠವೆಂದು ಹಳಿಯುವುದು ಸುಲಭ. ಹಾಗೆ ಹಳಿದವರು ಎಲ್ಲ ಮತಗಳ ಸುಧಾರಕರಲ್ಲಿಯೂ ಇದ್ದರು.

ಆದರೆ ಈ ಆಕ್ಷೇಪವು ಒಂದು ಸಂಗತಿಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಮೂಲಗ್ರಂಥಕ್ಕೂ ಮನೆಯ ಜಗಲಿಗೂ ನಡುವೆ ಎಲ್ಲ ಮತಗಳಲ್ಲಿಯೂ ಮತ್ತೊಂದು ಬಗೆಯ ಗ್ರಂಥಗಳು ನಿಂತಿರುತ್ತವೆ. ಅವು ಶ್ರುತಿಯೆನಿಸಿಕೊಳ್ಳುವುದಿಲ್ಲ, ಆದರೂ ಜನರು ಕಿವಿಯಿಂದ ಕೇಳುವುದು ಅವನ್ನೇ. ಪುರಾಣ, ಚರಿತ್ರೆ, ಮಾಲೆ, ಪದ ಎಂದು ಅವಕ್ಕೆ ಬೇರೆ ಬೇರೆ ಹೆಸರು. ಮೂಲಗ್ರಂಥವು ಪೂಜ್ಯವಾಗಿ ಉಳಿಯುವುದಕ್ಕೂ, ಅದರ ಸಾರವು ಅಡಿಗೆಮನೆಯವರೆಗೆ ಹರಿಯುವುದಕ್ಕೂ ಈ ನಡುವಣ ಗ್ರಂಥಗಳೇ ಕಾರಣವಾದುವು. ಮತವಿಚಾರಕರು ಇವನ್ನು ಕೀಳೆಂದು ಬಿಟ್ಟರು. ಸಾಹಿತ್ಯಚರಿತ್ರಕಾರರು ಇವನ್ನು ಮತದ ಗ್ರಂಥಗಳೆಂದು ಬಿಟ್ಟರು. ಹೀಗೆ ಎರಡು ಕಡೆಯಿಂದಲೂ ಉಪೇಕ್ಷಿತವಾದ ಈ ವಾಙ್ಮಯವನ್ನು ಸಾಹಿತ್ಯದೃಷ್ಟಿಯಿಂದ ಪರೀಕ್ಷಿಸುವುದಕ್ಕೆ ಚಿತ್ತಾಕುಲದಂತಹ ಗಡಿಸೀಮೆಯು ಅನುಕೂಲವಾದ ಸ್ಥಳವಾಗಿದೆ.

೨

ಕಾಳಿನದಿಯು ಸಮುದ್ರವನ್ನು ಕೂಡುವೆಡೆಯಲ್ಲಿ, ಅದರ ಉತ್ತರ ದಡದ ಮೇಲೆ ಚಿತ್ತಾಕುಲವಿರುವುದು. ಹದಿನಾರನೆಯ ಶತಮಾನದ ಪೋರ್ಚುಗೀಸ್ ಬರಹಗಳಲ್ಲಿ ಈ ಹೆಸರು ‘ಸಿಂತಾಕೋರ’ ಎಂದು ರೂಪಾಂತರ ಹೊಂದಿದೆ. ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡದ ಕೋಟೆಯು ಇಲ್ಲಿಯ ಗುಡ್ಡದ ಮೇಲಿದೆ. ದುರ್ಗಾದೇವಿಯ ಗುಡಿಯೂ ಸೂಫಿ ಸಂತರೊಬ್ಬರ ದರ್ಗಾ ಸಹ ಇದೇ ಊರಿನವು. ಉತ್ತರಕ್ಕೆ ಕೆಲವೇ ಹರಿದಾರಿಗಳಲ್ಲಿ ಗೋವೆಯ ಎಲ್ಲೆ. ನದಿಯಾಚೆ ದಕ್ಷಿಣಕ್ಕೆ, ೧೯೭೬ರಿಂದ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ಪೀಠವಾಗಿರುವ ಕಾರವಾರ. ಅದರ ಕೆಳಗೆ ಅಂಕೋಲೆ. ಗಂಗಾವಳಿಯನ್ನು ದಾಟಿದರೆ ಗೋಕರ್ಣ.

ಭಾಷೆಯ ವಿಷಯದಲ್ಲಿ ಈ ಸೀಮೆಯು ವಿಚಿತ್ರವಾದುದು. ಕಾಳಿಯ ಎರಡು ದಡಗಳಲ್ಲಿಯೂ ಬಹುಮಂದಿಯ ಮನೆಮಾತು ಕೊಂಕಣಿ. ಅಂಕೋಲೆಯ ಕಡೆಗೆ ಸರಿದಂತೆ ಕನ್ನಡವೇ ಮನೆಮಾತು. ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದರಾಸು ಅಧಿಪತ್ಯದಿಂದ ಮುಂಬಯಿಗೆ ಸೇರಿ, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಆದುದರಿಂದ ಒಂದೇ ಮನೆಯಲ್ಲಿ ಕೊಂಕಣಿಯ ಮಾತು, ಕನ್ನಡದ ಶಾಲಾಪುಸ್ತಕ, ಮರಾಠಿಯ ಪೋಥಿ, ಸಂಸ್ಕೃತದ ಮಂತ್ರ ಇವು ನಾಲ್ಕೂ ಕೂಡಿರುವುದು ಇಲ್ಲಿ ಅಪೂರ್ವವಲ್ಲ. ಧರ್ಮದ ಭಾಷೆಯು ಮನೆಯ ಭಾಷೆಯಿಂದ ಬೇರೆಯಾಗಿರುವುದು ಈ ಜನರಿಗೆ ಸಹಜಸ್ಥಿತಿ. ಹೀಗಿರಲು ‘ಅರ್ಥ ತಿಳಿಯಿತೆ?’ ಎಂಬ ಪ್ರಶ್ನೆಗಿಂತ ‘ಯಾರ ಬಾಯಿಂದ, ಯಾವ ಧಾಟಿಯಲ್ಲಿ, ಯಾರು ಕೇಳಿದರು?’ ಎಂಬ ಪ್ರಶ್ನೆಯೇ ಇಲ್ಲಿ ಫಲಕಾರಿಯಾದುದು.

೩

ಈ ವಿಚಾರಕ್ಕೆ ಮೊದಲನೆಯ ನಿದರ್ಶನವಾಗಿ ಕ್ರಿಸ್ತಪುರಾಣವನ್ನು ತೆಗೆದುಕೊಳ್ಳಬಹುದು. ಇದರ ಕರ್ತೃವಾದ ಥಾಮಸ್ ಸ್ಟೀಫನ್ಸನು ಇಂಗ್ಲೆಂಡಿನವನು. ಯೇಸುಸಂಘದ ಪಾದ್ರಿಯಾಗಿ ೧೫೭೯ರಲ್ಲಿ ಗೋವೆಗೆ ಬಂದು, ಸಾಷ್ಟಿ ಪ್ರಾಂತದಲ್ಲಿ ಬಹುಕಾಲ ಕೆಲಸಮಾಡಿ, ೧೬೧೯ರಲ್ಲಿ ಅಲ್ಲಿಯೇ ತೀರಿಕೊಂಡನು. ಗ್ರಂಥವು ೧೬೧೬ರಲ್ಲಿ ರಾಯತೂರಿನಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಹಳೆಯ ಒಡಂಬಡಿಕೆಯ ಕಥೆಗೆ ೩೬ ಅಧ್ಯಾಯ, ಹೊಸ ಒಡಂಬಡಿಕೆಯ ಕಥೆಗೆ ೫೯ ಅಧ್ಯಾಯ. ಒಟ್ಟು ೧೦,೯೬೨ ಓವಿಗಳು. ಭಾಷೆಯು ಮರಾಠಿ, ಕೇಳುವವರಿಗೆ ಸುಲಭವಾಗಲೆಂದು ಕೊಂಕಣಿಯ ಮಾತುಗಳನ್ನು ಬೆರಸಿರುವುದಾಗಿ ಕವಿಯೇ ಹೇಳಿಕೊಂಡಿರುವನು.

ಸ್ಟೀಫನ್ಸನು ಬೈಬಲನ್ನು ಭಾಷಾಂತರಿಸಲಿಲ್ಲವೆಂಬುದು ಇಲ್ಲಿ ಮುಖ್ಯವಾದ ಸಂಗತಿ. ಜ್ಞಾನೇಶ್ವರಿಯ ಕಾಲದಿಂದ ಜನರ ಕಿವಿಗೆ ಬಳಕೆಯಾದ ಓವಿಯನ್ನೂ, ಪುರಾಣದ ಸಂವಾದಕ್ರಮವನ್ನೂ ಎತ್ತಿಕೊಂಡು ಆತನು ಕಥೆಯನ್ನು ಹೊಸದಾಗಿ ಕಟ್ಟಿದನು. ಸ್ವರ್ಗಕ್ಕೆ ವೈಕುಂಠವೆಂಬ ಹೆಸರನ್ನೇ ಉಳಿಸಿಕೊಂಡನು. ಗ್ರಂಥಾರಂಭದಲ್ಲಿ, ಹೊಸದಾಗಿ ಕ್ರೈಸ್ತನಾದ ಬ್ರಾಹ್ಮಣನೊಬ್ಬನು ಮುಂದೆ ಬಂದು, ತಮ್ಮ ಹಿಂದಿನ ಪುರಾಣಗಳಿಗೆ ಬದಲಾಗಿ ತಮ್ಮ ಮಾತಿನಲ್ಲಿ ಒಂದು ಪುರಾಣವಿದ್ದರೆ ಒಳಿತಾಗುತ್ತಿತ್ತೆಂದು ಪಾದ್ರಿಯಲ್ಲಿ ಬಿನ್ನವಿಸುತ್ತಾನೆ. ಇಡೀ ಕಾವ್ಯವು ಈ ಬಿನ್ನಹಕ್ಕೆ ಕೊಟ್ಟ ಉತ್ತರವೆಂಬಂತೆ ನಡೆಯುವುದು.

ಈ ಚೌಕಟ್ಟು ಕೇವಲ ಅಲಂಕಾರವೆಂದು ತಿಳಿಯಲಾಗದು. ಬಿನ್ನವಿಸಿದವನ ಹಿಂದಿನ ಪುರಾಣಗಳು ಎಲ್ಲಿ ಹೋದುವೆಂಬ ಪ್ರಶ್ನೆಯು ಇದರ ಹಿಂದೆ ನಿಂತಿದೆ. ಸಾಷ್ಟಿಯ ದೇವಾಲಯಗಳು ೧೫೬೭ರಲ್ಲಿ ಕೆಡಹಲ್ಪಟ್ಟುವು. ೧೫೮೩ರಲ್ಲಿ ಕುಂಕಳ್ಳಿಯಲ್ಲಿ ಪಾದ್ರಿಗಳ ಹತ್ಯೆಯೂ ಅದಕ್ಕೆ ಪ್ರತಿಯಾಗಿ ಊರಿನ ಮುಖಂಡರ ಹತ್ಯೆಯೂ ನಡೆದುವು. ದೇವರುಗಳನ್ನು ಹೊತ್ತುಕೊಂಡು ಅನೇಕ ಕುಟುಂಬಗಳು ಪೋರ್ಚುಗೀಸರ ಎಲ್ಲೆಯನ್ನು ದಾಟಿದುವು. ಅವುಗಳಲ್ಲಿ ಹಲವು ತೆಂಕಣಕ್ಕೆ, ಕನ್ನಡ ಜಿಲ್ಲೆಗಳ ಕರಾವಳಿಗೆ ಬಂದುವು. ಕೇಳುಗನು ತಾನಾಗಿ ಬಂದು ಬೇಡಿಕೊಂಡನೆಂಬ ಚಿತ್ರವು ಕವಿಯ ಸೌಜನ್ಯವನ್ನು ತೋರಿಸುವಂತೆಯೇ ಆ ಕಾಲದ ಬಲಾತ್ಕಾರವನ್ನು ಮರೆಮಾಡುವುದು ಕೂಡ ಹೌದು. ಈ ಎರಡನ್ನೂ ಒಟ್ಟಿಗೆ ಕಾಣದ ವಿಮರ್ಶೆಯು ಕಾವ್ಯಕ್ಕೂ ಚರಿತ್ರೆಗೂ ನ್ಯಾಯವೊದಗಿಸಲಾರದು.

ಮುಂದೆ ೧೬೮೪ರಲ್ಲಿ ಗೋವೆಯ ಆಡಳಿತವು ದೇಶಭಾಷೆಯನ್ನೇ ನಿಷೇಧಿಸಿ ಆಜ್ಞೆ ಹೊರಡಿಸಿತು. ಪುರಾಣವು ೧೬೪೯ರಲ್ಲಿಯೂ ೧೬೫೪ರಲ್ಲಿಯೂ ಮರುಮುದ್ರಣವಾಗಿದ್ದಿತಾದರೂ ಆ ಮೂರು ಮುದ್ರಣಗಳ ಒಂದು ಪ್ರತಿಯೂ ಈಗ ಕಾಣಬರುತ್ತಿಲ್ಲ. ಕೃತಿಯು ಉಳಿದುದು ಕೈಬರಹದ ಪ್ರತಿಗಳಲ್ಲಿ. ಅವು ದೊರೆತುದು ಹೆಚ್ಚಾಗಿ ಗೋವೆಯಿಂದ ತೆಂಕಣಕ್ಕೆ ವಲಸೆ ಬಂದ ಕ್ರೈಸ್ತರ ಮನೆಗಳಲ್ಲಿ. ೧೯೦೭ರಲ್ಲಿ ಜೋಸೆಫ್ ಸಲ್ದಾನರು ಅಂಥ ಪ್ರತಿಗಳನ್ನು ಆಧರಿಸಿ ಮಂಗಳೂರಿನಲ್ಲಿ ಇದನ್ನು ಅಚ್ಚುಹಾಕಿಸಿದರು. ಅಚ್ಚಿನ ಪುಸ್ತಕವು ನಾಶವಾಗಿ, ಕೈಬರಹವು ಬದುಕಿತೆಂದರೆ ಅದನ್ನು ಪ್ರತಿಮಾಡಿಕೊಳ್ಳುವಷ್ಟು ಅಕ್ಕರೆಯಿಂದ ಕೇಳಿದವರು ಮನೆಮನೆಗಳಲ್ಲಿ ಇದ್ದರೆಂದೇ ಅರ್ಥ. ಪುರಾಣದ ತತ್ತ್ವವಿವರಣೆಯ ಭಾಗಗಳು ಭಾರವಾಗಿವೆ; ಪಾದ್ರಿಯು ಉಪದೇಶಿಸಲು ತೊಡಗಿದೆಡೆಗಳಲ್ಲಿ ಕವಿಯು ಹಿಂದೆ ಸರಿಯುತ್ತಾನೆ. ಆದರೂ ಓವಿಯ ಲಯವು ಆ ಭಾರವನ್ನು ಹೊತ್ತು ನಡೆಯಿತು.

೪

ಎಲ್ಲೆಯನ್ನು ದಾಟಿ ಬಂದ ಹಿಂದೂ ಕುಟುಂಬಗಳಲ್ಲಿ ಇದೇ ಸ್ಥಾನವನ್ನು ಪಡೆದ ಗ್ರಂಥಗಳಲ್ಲಿ ಗುರುಚರಿತ್ರೆಯು ಪ್ರಮುಖವಾದುದು. ಸರಸ್ವತೀ ಗಂಗಾಧರನ ಈ ಮರಾಠಿ ಕೃತಿಯನ್ನು ಏಳು ದಿನಗಳಲ್ಲಿ ಪಾರಾಯಣಮಾಡಿ ಮುಗಿಸುವ ಸಪ್ತಾಹಪದ್ಧತಿಯು ದತ್ತಭಕ್ತರಲ್ಲಿ ರೂಢಿಯಾಗಿದೆ. ಇದೂ ಓವಿಯ ಗ್ರಂಥವೇ. ಸಿದ್ಧಮುನಿಯು ನಾಮಧಾರಕನೆಂಬ ಶಿಷ್ಯನಿಗೆ ಹೇಳಿದ ಕಥೆಯೆಂಬ ಚೌಕಟ್ಟು ಇದಕ್ಕೂ ಉಂಟು. ಇದರ ನಾಯಕರಲ್ಲೊಬ್ಬರಾದ ನೃಸಿಂಹಸರಸ್ವತಿಗಳು ನೆಲೆಸಿದ ಗಾಣಗಾಪುರವು ಕನ್ನಡನಾಡಿನದು. ಶ್ರೀಪಾದ ಶ್ರೀವಲ್ಲಭರ ಪ್ರಸಂಗದಲ್ಲಿ ಎರಡು ಅಧ್ಯಾಯಗಳು ಗೋಕರ್ಣದ ಮಹಿಮೆಗೇ ಮೀಸಲಾಗಿವೆ. ಕಾಳಿಯ ದಡದಲ್ಲಿ ಪೋಥಿಯನ್ನು ಬಿಚ್ಚಿದವನಿಗೆ, ತಾನು ಕಂಡ ಕಡಲೂ ತಾನು ಮಿಂದ ತೀರ್ಥವೂ ಅದರಲ್ಲಿ ಕಾಣುತ್ತವೆ. ಗ್ರಂಥವು ದಿನಚರಿಯೊಳಗೆ ಬೇರೂರುವುದಕ್ಕೆ ಇಂತಹ ಸ್ಥಳಪರಿಚಯವು ಸಾಮಾನ್ಯವಾದ ಸಹಾಯವಲ್ಲ.

ಇಲ್ಲಿ ಗಮನಾರ್ಹವಾದ ಒಂದು ಸಾಮ್ಯವಿದೆ. ಸರಸ್ವತೀ ಗಂಗಾಧರನು ತನಗೆ ಮರಾಠಿ ಭಾಷೆ ಬಾರದೆಂದು ವಿನಯದಿಂದ ಹೇಳಿಕೊಂಡಿರುವನು. ಆತನ ಮನೆಮಾತು ಕನ್ನಡವೆಂದು ವಿದ್ವಾಂಸರು ಊಹಿಸಲು ಇದು ಆಧಾರವಾಗಿದೆ. ಸ್ಟೀಫನ್ಸನಂತೂ ಹೊರನಾಡಿನವನು. ಕೇಳುಗರಿಗೋ ಎರಡೂ ಕಡೆಯಲ್ಲಿ ಮನೆಮಾತು ಕೊಂಕಣಿ. ಹೇಳುವವನಿಗೂ ಕೇಳುವವನಿಗೂ ಸ್ವಂತವಲ್ಲದ ಒಂದು ಭಾಷೆಯಲ್ಲಿ, ಒಂದೇ ಛಂದಸ್ಸಿನಲ್ಲಿ, ಒಂದೇ ಬಗೆಯ ಸಂವಾದದಲ್ಲಿ ಎರಡು ಮತಗಳ ಧರ್ಮಕಥೆಯು ಮನೆಯನ್ನು ಹೊಕ್ಕಿತು. ಪೂರ್ವದಲ್ಲಿ ಒಂದೇ ಗ್ರಾಮದವರಾಗಿದ್ದು ಬಳಿಕ ಎರಡು ಮತಗಳಾಗಿ ಒಡೆದ ಜನರಲ್ಲಿ ಒಡೆಯದೆ ಉಳಿದುದು ಈ ಕೇಳುವ ಕಿವಿ.

ಎರಡಕ್ಕೂ ಇರುವ ವ್ಯತ್ಯಾಸವನ್ನೂ ಹೇಳಬೇಕಾಗಿದೆ. ಗುರುಚರಿತ್ರೆಯಲ್ಲಿ ಪಾರಾಯಣವೇ ವ್ರತವಾಗಿದೆ. ನಿಯಮ, ಮಡಿ, ಫಲಶ್ರುತಿಗಳು ಅದನ್ನು ಸುತ್ತುವರಿದಿವೆ. ರೋಗ, ಸಾಲ, ಸಂತಾನ ಮೊದಲಾದ ಸಂಸಾರದ ಕಷ್ಟಗಳಿಗೆ ಅದು ಔಷಧದಂತೆ ಬಳಕೆಯಾಗುತ್ತದೆ. ಇದರಿಂದ ಗ್ರಂಥವು ಮನೆಗೆ ಹತ್ತಿರವಾಯಿತು. ಆದರೆ ಓದಿದ ಕಥೆಯನ್ನು ಪ್ರಶ್ನಿಸುವ ಸ್ವಾತಂತ್ರ್ಯವು ಕುಗ್ಗಿತು. ಫಲಕ್ಕಾಗಿ ಓದುವವನು ಓವಿಗಳನ್ನು ಎಣಿಸುತ್ತಾನೆಯೇ ಹೊರತು ತೂಗಿನೋಡುವುದಿಲ್ಲ.

೫

ಕೊಂಕಣಿಯ ಸೀಮೆಯನ್ನು ಬಿಟ್ಟು ಕನ್ನಡದ ಕಡೆಗೆ ತಿರುಗಿದರೆ, ಶಾಸ್ತ್ರವನ್ನು ದೇಶಭಾಷೆಯಲ್ಲಿ ಹೇಳಬಹುದೇ ಎಂಬ ವಾದವೇ ಅದೇ ಕಾಲದಲ್ಲಿ ನಡೆದುದು ಕಾಣುತ್ತದೆ. ಇದೇ ಜಿಲ್ಲೆಯ ಹಾಡುವಳ್ಳಿಯ ಜೈನ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕನು ೧೬೦೪ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದನು. ಕನ್ನಡವು ಶಾಸ್ತ್ರಕ್ಕೆ ಯೋಗ್ಯವಲ್ಲವೆಂಬ ಆಕ್ಷೇಪವನ್ನು ಎತ್ತಿಕೊಂಡು, ತತ್ತ್ವಾರ್ಥಮಹಾಶಾಸ್ತ್ರಕ್ಕೆ ಕನ್ನಡದಲ್ಲಿ ೯೬,೦೦೦ ಗ್ರಂಥಪ್ರಮಾಣದ ‘ಚೂಡಾಮಣಿ’ಯೆಂಬ ವ್ಯಾಖ್ಯಾನವಿರುವುದನ್ನು ಆತನು ಪ್ರತ್ಯುತ್ತರವಾಗಿ ತೋರಿಸಿರುವನು. ಕನ್ನಡದ ಪರವಾದ ಈ ವಾದವು ಸಂಸ್ಕೃತ ಸೂತ್ರವೃತ್ತಿಗಳಲ್ಲಿ ಬರೆಯಲ್ಪಟ್ಟಿದೆ. ಒಪ್ಪಿಸಬೇಕಾದವರು ಪಂಡಿತರಾಗಿದ್ದರೆಂಬುದೇ ಇದಕ್ಕೆ ಕಾರಣವಾಗಿರಬೇಕು.

ಅದೇ ಜೈನರಲ್ಲಿ ಇನ್ನೊಂದು ತುದಿಯೂ ಕಾಣುತ್ತದೆ. ಒಂಬತ್ತನೆಯ ಶತಮಾನದ ಧವಲಾ, ಜಯಧವಲಾ ವ್ಯಾಖ್ಯಾನಗಳ ತಾಳೆಗರಿಯ ಪ್ರತಿಗಳು ಕನ್ನಡ ಲಿಪಿಯಲ್ಲಿ ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದುವು. ಯಾತ್ರಿಕರು ಅವುಗಳ ದರ್ಶನಮಾಡಿ ಕೈಮುಗಿಯುತ್ತಿದ್ದರು, ಓದುತ್ತಿರಲಿಲ್ಲ. ೧೯೩೯ರಲ್ಲಿ ಹೀರಾಲಾಲ ಜೈನರು ಧವಲೆಯ ಮುದ್ರಣವನ್ನು ಆರಂಭಿಸಿದ ಮೇಲೆಯೇ ಅದು ವಿದ್ವತ್ಪ್ರಪಂಚಕ್ಕೆ ದೊರೆಯಿತು. ದರ್ಶನಮಾತ್ರದಿಂದ ತೃಪ್ತರಾದ ಆ ಭಕ್ತರನ್ನು ಜರೆಯುವ ಮುನ್ನ ಒಂದನ್ನು ನೆನೆಯಬೇಕು. ಓದದೆ ಪೂಜಿಸಿದವರು ಕಾಪಾಡಿರದಿದ್ದರೆ ಓದಬಲ್ಲವರಿಗೆ ಏನೂ ಉಳಿಯುತ್ತಿರಲಿಲ್ಲ. ಆದರೆ ಜೈನಧರ್ಮವು ಗೃಹಸ್ಥನ ಬಾಳಿಗೆ ಇಳಿದುದು ಆ ಪೆಟ್ಟಿಗೆಯಿಂದಲ್ಲ, ತೀರ್ಥಂಕರರ ಪುರಾಣಗಳಿಂದ.

ಪ್ರೊಟೆಸ್ಟೆಂಟ್ ಮಿಷನರಿಗಳು ಈ ನಡುವಣ ಮೆಟ್ಟಿಲು ಬೇಡವೆಂದು ಹೊರಟವರು. ಮೂಲಗ್ರಂಥವನ್ನೇ ಜನರ ಕೈಗೆ ಕೊಡಬೇಕೆಂಬುದು ಅವರ ಮತ. ಬಳ್ಳಾರಿಯ ಲಂಡನ್ ಮಿಷನ್ನಿನ ಶ್ರಮದಿಂದ ೧೮೩೧ರ ಹೊತ್ತಿಗೆ ಬೈಬಲು ಪೂರ್ತಿಯಾಗಿ ಕನ್ನಡದ ಗದ್ಯಕ್ಕೆ ಬಂದಿತು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅದನ್ನು ತಿದ್ದುವ ಕೆಲಸದಲ್ಲಿ ಸೇರಿಕೊಂಡಿತು. ಆದರೂ ಅದೇ ಮಿಷನ್ನಿನ ಕಿಟ್ಟೆಲರು ೧೮೬೨ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸುಗಳಲ್ಲಿ ಅಳವಡಿಸಿ ‘ಕಥಾಮಾಲೆ’ಯನ್ನು ರಚಿಸಿದರು. ಮೂಲದ ಗದ್ಯಾನುವಾದವು ಸಿದ್ಧವಾಗಿದ್ದರೂ ಹಾಡಿ ಕೇಳಿಸಬಲ್ಲ ಇನ್ನೊಂದು ಗ್ರಂಥವು ಬೇಕೆನಿಸಿದುದು ಪ್ರಕೃತ ವಿಚಾರಕ್ಕೆ ಬಲವಾದ ಸಾಕ್ಷಿ.

೬

ಇಸ್ಲಾಮಿನಲ್ಲಿ ಈ ವ್ಯವಸ್ಥೆಯು ಇನ್ನೂ ಸ್ಪಷ್ಟವಾಗಿದೆ. ಕುರಾನ್ ಎಂಬ ಹೆಸರೇ ಪಠನವೆಂಬ ಅರ್ಥವುಳ್ಳದ್ದು. ಗ್ರಂಥವೆಂಬುದಕ್ಕಿಂತ ಮೊದಲು ಅದು ಧ್ವನಿ. ಪ್ರಾರ್ಥನೆಯಲ್ಲಿ ಭಾಷಾಂತರವು ಅರಬ್ಬೀ ಮೂಲದ ಸ್ಥಾನವನ್ನು ಪಡೆಯಲಾರದು. ಅದರ ಅರ್ಥವು ಮನೆಗೆ ಇಳಿಯುವುದು ಬೇರೆ ಮಾತುಗಳಿಂದ, ಬೇರೆ ರಚನೆಗಳಿಂದ. ಭಟ್ಕಳದ ನವಾಯತರು ತಮ್ಮ ಕೊಂಕಣಿ ಬಗೆಯ ನುಡಿಯನ್ನು ಅರಬ್ಬೀ ಮೂಲದ ಲಿಪಿಯಲ್ಲಿ ಬರೆಯುವರು. ಇದೇ ಪಶ್ಚಿಮ ಕರಾವಳಿಯ ಕಲ್ಲಿಕೋಟೆಯಲ್ಲಿ ಖಾಜಿ ಮುಹಮ್ಮದರು ೧೬೦೭ರಲ್ಲಿ ಅರಬಿ–ಮಲಯಾಳದಲ್ಲಿ ರಚಿಸಿದ ‘ಮುಹ್ಯಿದ್ದೀನ್ ಮಾಲೆ’ಯು ಮಾಪಿಳ್ಳೆಯರ ಮನೆಗಳಲ್ಲಿ ಸಂಜೆಯ ಹಾಡಾಗಿ ಉಳಿಯಿತು. ೧೬೦೪, ೧೬೦೭, ೧೬೧೬ — ಈ ಹನ್ನೆರಡು ವರ್ಷಗಳಲ್ಲಿ ಒಂದೇ ಕರಾವಳಿಯ ಮೂರು ಮತಗಳ ವಿದ್ವಾಂಸರು ಪರಸ್ಪರ ಪರಿಚಯವಿಲ್ಲದೆಯೇ ಧರ್ಮದ ಮಾತಿಗೂ ದೇಶಭಾಷೆಗೂ ಇರುವ ಸಂಬಂಧವೆಂಬ ಒಂದೇ ಸಮಸ್ಯೆಯನ್ನು ಎದುರಿಸುತ್ತಿದ್ದರೆಂಬುದು ಸಾಹಿತ್ಯಚರಿತ್ರಕಾರರು ಯೋಚಿಸತಕ್ಕ ವಿಷಯ.

ಪುಸ್ತಕವನ್ನು ಸತ್ಕರಿಸುವ ರೀತಿಯಲ್ಲಿಯೂ ಹತ್ತಿರದ ಹೋಲಿಕೆಯಿದೆ. ಮಡಿಸಬಲ್ಲ ಎರಡು ಹಲಗೆಗಳ ಪೀಠವನ್ನು ಹಿಂದೂಗಳು ವ್ಯಾಸಪೀಠವೆನ್ನುವರು, ಮುಸಲ್ಮಾನರು ರೆಹಲ್ ಎನ್ನುವರು. ಗ್ರಂಥವನ್ನು ನೆಲಕ್ಕೆ ತಾಗಿಸದಿರುವುದು, ಬಟ್ಟೆಯಲ್ಲಿ ಸುತ್ತಿಡುವುದು, ಕೈಕಾಲು ತೊಳೆದು ಮುಟ್ಟುವುದು ಇವು ಎರಡು ಮನೆಗಳಲ್ಲಿಯೂ ಮಕ್ಕಳು ಕಲಿಯುವ ಮೊದಲ ಪಾಠಗಳು. ಅರ್ಥವು ತಿಳಿಯುವ ಮುನ್ನ ಮರ್ಯಾದೆಯು ತಿಳಿಯುತ್ತದೆ.

೭

ಇದುವರೆಗೆ ಹೇಳಿದುದೆಲ್ಲ ಪುಸ್ತಕವುಳ್ಳವರ ಮಾತಾಯಿತು. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ವಿಷಯಕ್ಕೆ ಬಂದರೆ ಪುಸ್ತಕವೇ ಇಲ್ಲದೆ ಧರ್ಮಕಥೆಯು ಬದುಕಿರುವುದು ಕಾಣುತ್ತದೆ. ಮಣ್ಣಿನ ಗಡಿಗೆಯ ಬಾಯಿಗೆ ಚರ್ಮ ಬಿಗಿದ ಗುಮಟೆಯ ಪೆಟ್ಟಿಗೆ ಸರಿಯಾಗಿ ಹಾಡುವ ಅವರ ಪದಗಳಲ್ಲಿ ರಾಮಾಯಣ ಭಾರತಗಳ ಪ್ರಸಂಗಗಳು ಸೇರಿವೆ. ಎಲ್. ಆರ್. ಹೆಗಡೆ, ಎನ್. ಆರ್. ನಾಯಕ, ಶಾಂತಿ ನಾಯಕ ಮೊದಲಾದವರು ಈ ಜಿಲ್ಲೆಯ ಜನಪದ ಹಾಡುಗಳನ್ನು ಸಂಗ್ರಹಿಸಿ ಉಪಕರಿಸಿರುವರು. ಅಕ್ಷರಾಭ್ಯಾಸವಿಲ್ಲದೆ ಅಸಂಖ್ಯ ಹಾಡುಗಳನ್ನು ನೆನಪಿನಲ್ಲಿ ಧರಿಸಿದ್ದ ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ ೨೦೧೭ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ೨೦೨೫ರಲ್ಲಿ ಅವರು ತೀರಿಕೊಂಡರು. ವೇದಾಧಿಕಾರವಿಲ್ಲದವರಿಗಾಗಿ ಭಾರತವು ರಚಿತವಾಯಿತೆಂದು ಭಾಗವತವು ಹೇಳುವುದು. ಆ ಭಾರತದ ಪುಸ್ತಕವೂ ಕೈಗೆ ಸಿಕ್ಕದವರು ಅದನ್ನು ಹಾಡಾಗಿ ತಮ್ಮದು ಮಾಡಿಕೊಂಡರು. ಯಾವ ಪಂಡಿತನೂ ಕೊಡದ ಅಧಿಕಾರವನ್ನು ಈ ಹಾಡುಗಾರ್ತಿಯರು ಬೇಡದೆಯೇ ಪಡೆದರೆಂಬುದನ್ನು ಮರೆಯಲಾಗದು.

ಇದೇ ಸೀಮೆಯ ತಾಳಮದ್ದಳೆಯಲ್ಲಿ ಮತ್ತೊಂದು ಸ್ವಾತಂತ್ರ್ಯವಿದೆ. ಭಾಗವತನು ಪದವನ್ನು ಹಾಡಿದೊಡನೆ ಅರ್ಥಧಾರಿಯು ಅದನ್ನು ತನ್ನ ಮಾತಿನಲ್ಲಿ ವಿಸ್ತರಿಸುತ್ತಾನೆ. ಎದುರಿನ ಪಾತ್ರಧಾರಿಯು ಆಕ್ಷೇಪಿಸುತ್ತಾನೆ. ವಾಲಿಯು ರಾಮನನ್ನು ಪ್ರಶ್ನಿಸಬಹುದು. ಕರ್ಣನು ಕೃಷ್ಣನಿಗೆ ಎದುರಾಡಬಹುದು. ಪಾರಾಯಣದಲ್ಲಿ ಕುಗ್ಗಿದ ಪ್ರಶ್ನೆಯು ಇಲ್ಲಿ ಸಭೆಯ ನಡುವೆ ತಲೆಯೆತ್ತುತ್ತದೆ. ಧರ್ಮಗ್ರಂಥದ ವಿಮರ್ಶೆಯು ವಿಶ್ವವಿದ್ಯಾನಿಲಯಗಳಿಂದ ಆರಂಭವಾಯಿತೆಂದು ತಿಳಿದವರು ಒಂದು ರಾತ್ರಿ ಈ ಕೂಟದಲ್ಲಿ ಕುಳಿತು ಬರುವುದು ಒಳ್ಳೆಯದು.

೮

ಈ ನಿದರ್ಶನಗಳಿಂದ ನಡುವಣ ಗ್ರಂಥಗಳ ಮೂರು ಲಕ್ಷಣಗಳನ್ನು ಗುರುತಿಸಬಹುದು. ಗ್ರಂಥದ ಒಳಗೇ ಒಬ್ಬ ಕೇಳುಗನಿರುವುದು ಮೊದಲನೆಯದು. ಕ್ರಿಸ್ತಪುರಾಣದ ಬ್ರಾಹ್ಮಣ, ಗುರುಚರಿತ್ರೆಯ ನಾಮಧಾರಕ, ಕುಮಾರವ್ಯಾಸನು ಅಡಿಗಡಿಗೆ ಸಂಬೋಧಿಸುವ ಜನಮೇಜಯ ಇವರೆಲ್ಲರೂ ಜಗಲಿಯ ಮೇಲೆ ಕುಳಿತವನ ಪ್ರತಿನಿಧಿಗಳು. ಅವನ ಸಂದೇಹವನ್ನು ಅವರು ಮೊದಲೇ ಕೇಳಿರುತ್ತಾರೆ. ಓವಿಯಾಗಲಿ ಷಟ್ಪದಿಯಾಗಲಿ ಗುಮಟೆಯ ಮಟ್ಟಾಗಲಿ, ಧ್ವನಿಯನ್ನು ಹೊತ್ತು ನಡೆಯಬಲ್ಲ ಬಂಧವು ಎರಡನೆಯದು. ಓದುವವನೋ ವ್ಯಾಖ್ಯಾನಿಸುವವನೋ ತನ್ನ ಊರಿನ ಮಾತನ್ನು ಸೇರಿಸಲು ಎಡೆಯಿರುವುದು ಮೂರನೆಯದು. ಈ ಮೂರೂ ಇದ್ದೆಡೆ ಧರ್ಮಗ್ರಂಥವು ದಿನಚರಿಯಾಗುತ್ತದೆ. ಮೂರನೆಯದು ಲೋಪಿಸಿದರೆ ವ್ರತವಾಗಿ ಗಟ್ಟಿಗೊಳ್ಳುತ್ತದೆ. ಮೂರೂ ಲೋಪಿಸಿದರೆ ಪೆಟ್ಟಿಗೆಯಲ್ಲಿ ಪೂಜೆಗೊಳ್ಳುತ್ತದೆ.

ಭಾಷೆಗೊಂದರಂತೆ ಬರೆಯಲ್ಪಟ್ಟ ಸಾಹಿತ್ಯಚರಿತ್ರೆಗಳಲ್ಲಿ ಇವುಗಳಿಗೆ ಸರಿಯಾದ ಸ್ಥಳವಿಲ್ಲ. ಕ್ರಿಸ್ತಪುರಾಣವು ಮರಾಠಿಯದೋ ಕೊಂಕಣಿಯದೋ ಎಂಬ ಚರ್ಚೆಯಲ್ಲಿ, ಅದನ್ನು ಕಾಪಾಡಿದ ತೆಂಕಣ ಕರಾವಳಿಯ ಕೇಳುಗರು ಮರೆತುಹೋಗಿರುವರು. ಗುರುಚರಿತ್ರೆಯು ಮರಾಠಿಯದೆಂದು ಕನ್ನಡಿಗರು ಬಿಟ್ಟಿರುವರು. ಅದರ ಕ್ಷೇತ್ರಗಳು ಕನ್ನಡನಾಡಿನವು, ಅದರ ಕವಿಯೂ ಪ್ರಾಯಶಃ ಕನ್ನಡದವನು. ಗುಮಟೆಯ ಪದಗಳು ಜನಪದವೆಂಬ ಬೇರೆ ಕಪಾಟಿಗೆ ಹೋಗಿವೆ. ಕನ್ನಡದ ಚರಿತ್ರೆಯನ್ನು ಬರೆಯುವವರು ಕನ್ನಡದಲ್ಲಿ ಬರೆದುದನ್ನು ಮಾತ್ರವಲ್ಲದೆ ಕನ್ನಡನಾಡಿನಲ್ಲಿ ಕೇಳಿದುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಈ ನ್ಯೂನತೆಯು ನೀಗುವುದು.

ಈ ಕೆಲಸಕ್ಕೆ ಕಾಲಾವಕಾಶವು ಹೆಚ್ಚಾಗಿ ಉಳಿದಿಲ್ಲ. ಮುದ್ರಣವೂ ಧ್ವನಿಮುದ್ರಣವೂ ಮೂಲಗ್ರಂಥಗಳನ್ನು ಎಲ್ಲರ ಕೈಗೂ ತಂದಿವೆ. ಇದು ಸಂತೋಷದ ವಿಷಯವೇ. ಹಿಂದೆ ಕೇಳಲು ಮಾತ್ರ ಅಧಿಕಾರವಿದ್ದವರು ಈಗ ತಾವೇ ಓದಬಲ್ಲರು. ಆದರೆ ಒಬ್ಬೊಬ್ಬರೇ ಓದುವ ಮನೆಯಲ್ಲಿ, ಓದುವವನನ್ನು ತಡೆದು ‘ಇದು ಹೇಗೆ?’ ಎಂದು ಕೇಳುವ ಮುದುಕಿಯೂ ಅವಳಿಗೆ ಉತ್ತರ ಹೇಳಬೇಕಾದ ಪುರಾಣಿಕನೂ ಇರುವುದಿಲ್ಲ. ಗ್ರಂಥಗಳ ಪಾಠವನ್ನು ಶೋಧಿಸಿ ಅಚ್ಚುಹಾಕುವುದರ ಜೊತೆಯಲ್ಲಿಯೇ, ಅವುಗಳನ್ನು ಓದುತ್ತಿದ್ದ ಧಾಟಿಯನ್ನೂ ಹೇಳುತ್ತಿದ್ದ ಅರ್ಥವನ್ನೂ ಕೇಳುಗರು ಎತ್ತುತ್ತಿದ್ದ ಸಂದೇಹಗಳನ್ನೂ ಕಾಳಿಯಿಂದ ಗಂಗಾವಳಿಯವರೆಗಿನ ಮನೆಗಳಲ್ಲಿ ಬಲ್ಲವರು ಇರುವಾಗಲೇ ದಾಖಲಿಸಿಕೊಳ್ಳುವುದು ವಿದ್ವಾಂಸರ ಮುಂದಿರುವ ಕರ್ತವ್ಯ.